ಬಲಕ್ಕಿಂತ ಹದ ಹಿರಿದು

೨೦೨೦ರ ಮಹಾಮಾರಿಯ ತರುವಾಯ ನಮ್ಮ ಮನೆಮನೆಗಳಲ್ಲಿ ಒಂದು ಮಾತು ಬೇರೂರಿ ನಿಂತಿದೆ. ‘ರೋಗನಿರೋಧಕ ಶಕ್ತಿ’ ಎಂಬುದೇ ಆ ಮಾತು. ಅಡುಗೆಮನೆಯ ಕಷಾಯದಿಂದ ಹಿಡಿದು ಅಂಗಡಿಯ ಬಣ್ಣದ ಡಬ್ಬಿಯವರೆಗೆ ಎಲ್ಲವೂ ಈ ಶಕ್ತಿಯನ್ನು ಹೆಚ್ಚಿಸುವುದಾಗಿ ಸಾರುತ್ತವೆ. ಬೆಳೆ ಹೆಚ್ಚಿದರೆ ಒಳ್ಳೆಯದು, ಹಯನು ಹೆಚ್ಚಿದರೆ ಒಳ್ಳೆಯದು, ಹಾಗೆಯೇ ಈ ಶಕ್ತಿಯೂ ಹೆಚ್ಚಿದಷ್ಟು ಒಳ್ಳೆಯದು ಎಂಬುದು ಜನರ ಎಣಿಕೆ. ಕಳೆದ ಮೂರು ವರ್ಷಗಳಿಂದ ನನ್ನ ದೇಹವು ನನಗೆ ಕಲಿಸುತ್ತಿರುವ ಪಾಠ ಇದಕ್ಕಿಂತ ಬೇರೆಯಾಗಿದೆ. ಆ ಪಾಠವನ್ನು ನಮ್ಮ ಬಂಧುಗಳ ಕುಟುಂಬಗಳೊಡನೆ ಹಂಚಿಕೊಳ್ಳಬೇಕೆಂಬುದೇ ಈ ಲೇಖನದ ಉದ್ದೇಶ. ನಾನು ವೈದ್ಯನಲ್ಲ, ಮಠದ ಪಾಠಶಾಲೆಯಲ್ಲಿ ವ್ಯಾಕರಣ, ಕಾವ್ಯ, ಶಾಸ್ತ್ರಗಳನ್ನು ಓದಿದವನು. ಆದರೆ ಗ್ರಂಥವೊಂದು ಅರ್ಥವಾಗದಿದ್ದರೆ ತಿಳಿದವರ ಬಳಿ ಕುಳಿತು ಕೇಳಬೇಕೆಂಬುದನ್ನು ಅಲ್ಲಿಯೇ ಕಲಿತೆ. ನನ್ನ ರೋಗವನ್ನೂ ಹಾಗೆಯೇ ಓದಿದೆ.

ಅರವತ್ತೆರಡನೆಯ ವಯಸ್ಸಿನಲ್ಲಿ ನನ್ನ ಎರಡೂ ಕೈಗಳ ಬೆರಳುಗಳ ಗೆಣ್ಣುಗಳು ಬಾತುಕೊಂಡವು. ಮುಂಜಾನೆ ಏಳುವಾಗ ಕೈ ಮಡಚಲು ಬಾರದು. ಎರಡು ತಾಸು ಕಳೆದ ಮೇಲೆಯೇ ಬಿಗಿತ ಸಡಿಲುವುದು. ಧೋತರದ ಗಂಟು ಕಟ್ಟಲು ಮಗನನ್ನು ಕರೆಯಬೇಕಾಯಿತು. ಪೂಜೆಯ ಹೊತ್ತಿನಲ್ಲಿ ಎಡ ಅಂಗೈಯನ್ನು ಪೂರ್ತಿಯಾಗಿ ಚಾಚುವುದು ಕಷ್ಟವಾಯಿತು. ತಾಡವೋಲೆಗಳನ್ನು ಓದಿ ಕಾಗದಕ್ಕೆ ಇಳಿಸುವ ಕೆಲಸವನ್ನು ನಲವತ್ತು ವರ್ಷಗಳಿಂದ ಮಾಡುತ್ತ ಬಂದವನಿಗೆ ಲೇಖನಿ ಹಿಡಿಯಲಾಗದಿದ್ದರೆ ಉಳಿಯುವುದೇನು? ವಯಸ್ಸಿನ ವಾಯು ಎಂದು ಕೆಲವರು ಸಮಾಧಾನ ಹೇಳಿದರು. ಹುಬ್ಬಳ್ಳಿಯ ಕೀಲುರೋಗ ತಜ್ಞೆಯೊಬ್ಬರು ರಕ್ತಪರೀಕ್ಷೆ ಮಾಡಿಸಿ, ಇದು ವಯಸ್ಸಿನ ಸವೆತವಲ್ಲ, ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಸಂಧಿವಾತವೆಂದು ನಿರ್ಣಯಿಸಿದರು. ಹೊರಗಿನ ಶತ್ರುವನ್ನು ಕೊಲ್ಲಬೇಕಾದ ದೇಹದ ಸೈನ್ಯವೇ ತನ್ನ ಕೀಲುಗಳ ಒಳಪೊರೆಯ ಮೇಲೆ ಏರಿಹೋಗುವ ರೋಗವಿದು. ಆ ಸೈನ್ಯದ ಅಬ್ಬರವನ್ನು ತಗ್ಗಿಸುವ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆಯನ್ನು ವಾರಕ್ಕೆ ಒಂದೇ ದಿನ ನುಂಗಬೇಕೆಂದು ಬರೆದುಕೊಟ್ಟರು.

ಅಂದು ಜೊತೆಗೆ ಬಂದಿದ್ದ ನಮ್ಮ ಮನೆಯವರು ಸುಮ್ಮನಿರಲಿಲ್ಲ. “ಎಲ್ಲಾರೂ ಶಕ್ತಿ ಏರಸ್ಕೊಳ್ಳಾಕ ಔಷಧ ತಗೋತಾರ. ಇವರಿಗೆ ಯಾಕ್ರಿ ಇಳಸೂ ಔಷಧ ಕೊಡತೀರಿ?” ಎಂದು ಕೇಳಿಯೇ ಬಿಟ್ಟರು. ವೈದ್ಯೆ ನಕ್ಕು, “ಅವ್ವಾರ, ಇದು ಏರಸೂದೂ ಅಲ್ರಿ, ಇಳಸೂದೂ ಅಲ್ರಿ. ಹದಕ್ಕ ತರೂದು” ಎಂದರು.

‘ಹದ’ ಎಂಬ ಮಾತು ನಮ್ಮವರಿಗೆ ಹೊಸದಲ್ಲ. ಬಿತ್ತುವ ರೈತನು ಮಣ್ಣಿನ ಹದ ನೋಡುತ್ತಾನೆ. ರೊಟ್ಟಿ ಬಡಿಯುವ ತಾಯಿ ಹಿಟ್ಟಿನ ಹದ ನೋಡುತ್ತಾಳೆ. ಗಾಣದ ಮನೆಯವನು ಬೆಲ್ಲದ ಪಾಕದ ಹದ ನೋಡುತ್ತಾನೆ. ಹದ ತಪ್ಪಿದರೆ ಮಳೆಯೂ ಬೆಳೆಯನ್ನು ಕೊಳೆಸೀತು. ದೇಹದೊಳಗೆ ಈ ಹದವನ್ನು ಕಾಯುವವರು ಯಾರು? ಈ ಪ್ರಶ್ನೆಯನ್ನು ಹಿಡಿದು ನಾನು ಆ ವೈದ್ಯೆಯನ್ನೂ, ಅವರು ಕೊಟ್ಟ ಪುಸ್ತಕಗಳನ್ನೂ ಹಲವು ತಿಂಗಳು ಕಾಡಿದೆ. ತಿಳಿದುದನ್ನು ಇಲ್ಲಿ ಸರಳವಾಗಿ ನಿವೇದಿಸುತ್ತೇನೆ.

ನಮ್ಮ ರಕ್ತದ ಬಿಳಿಯ ಕಣಗಳಲ್ಲಿ ‘ಟಿ ಕೋಶ’ ಎಂಬುದೊಂದು ಬಗೆ. ಎದೆಯ ಮೂಳೆಯ ಹಿಂದೆ, ಹೃದಯದ ಮೇಲ್ಭಾಗದಲ್ಲಿ ಥೈಮಸ್ ಎಂಬ ಸಣ್ಣ ಗ್ರಂಥಿಯಿದೆ. ಬಹುಕಾಲ ಇದನ್ನು ಕೆಲಸಕ್ಕೆ ಬಾರದ ಅಂಗವೆಂದೇ ಭಾವಿಸಲಾಗಿತ್ತು. ೧೯೬೧ರಲ್ಲಿ ಲಂಡನ್ನಿನಲ್ಲಿ ಸಂಶೋಧನೆ ನಡೆಸುತ್ತಿದ್ದ ಜಾಕ್ ಮಿಲ್ಲರ್ ಎಂಬ ವಿಜ್ಞಾನಿ, ಆಗತಾನೇ ಹುಟ್ಟಿದ ಇಲಿಮರಿಗಳಿಂದ ಈ ಗ್ರಂಥಿಯನ್ನು ತೆಗೆದರೆ ಅವು ಸೋಂಕುಗಳನ್ನು ಎದುರಿಸಲಾರವು, ಪರಕೀಯ ಚರ್ಮವನ್ನು ಕಸಿ ಮಾಡಿದರೂ ನಿರಾಕರಿಸಲಾರವು ಎಂದು ತೋರಿಸಿದನು. ಟಿ ಕೋಶದ ಹೆಸರಿನ ‘ಟಿ’ ಎಂಬುದು ಥೈಮಸ್‌ನ ಮೊದಲಕ್ಷರ. ಮೂಳೆಯ ನೆಣದಲ್ಲಿ ಹುಟ್ಟಿದ ಎಳೆಯ ಕೋಶಗಳು ಇಲ್ಲಿಗೆ ಬಂದು ಶಿಕ್ಷಣ ಪಡೆಯುತ್ತವೆ. ಈ ಗುರುಕುಲದ ಪರೀಕ್ಷೆ ಬಹು ಕಠಿಣವಾದುದು. ಏನನ್ನೂ ಗುರುತಿಸಲಾರದ ಕೋಶ ಉಳಿಯದು. ತನ್ನ ದೇಹವನ್ನೇ ಶತ್ರುವೆಂದು ಬಲವಾಗಿ ಹಿಡಿಯುವ ಕೋಶವೂ ಉಳಿಯದು. ೧೦೦ರಲ್ಲಿ ೯೫ಕ್ಕಿಂತ ಹೆಚ್ಚು ಕೋಶಗಳು ಅಲ್ಲಿಯೇ ಅಳಿಯುತ್ತವೆ. ಉತ್ತೀರ್ಣವಾದ ಕೆಲವೇ ಕೋಶಗಳು ರಕ್ತಕ್ಕೆ ಇಳಿಯುತ್ತವೆ. ಇವುಗಳಲ್ಲಿ ಸೋಂಕು ತಗುಲಿದ ಕೋಶವನ್ನು ನೇರವಾಗಿ ಕೊಲ್ಲುವ ಘಾತಕ ಕೋಶಗಳುಂಟು. ಇತರರಿಗೆ ಕೆಲಸವನ್ನು ಹಚ್ಚುವ ಸಹಾಯಕ ಕೋಶಗಳುಂಟು.

ಇಷ್ಟು ಶಿಕ್ಷಣ ಪಡೆದ ಮೇಲೂ ಟಿ ಕೋಶವು ಶತ್ರುವನ್ನು ಕಂಡಕೂಡಲೇ ಏರಿಹೋಗುವುದಿಲ್ಲ. ಅದಕ್ಕೆ ಮೂರು ಅಪ್ಪಣೆಗಳು ಬೇಕು. ಕಾವಲಿನ ಕೋಶವೊಂದು ಸೋಂಕಿನ ಜಾಗದಿಂದ ರೋಗಾಣುವಿನ ತುಣುಕನ್ನು ಹೊತ್ತು ದುಗ್ಧಗ್ರಂಥಿಗೆ ಬಂದು ತೋರಿಸಬೇಕು, ಇದು ಮೊದಲನೆಯದು. ಅದೇ ಕಾವಲು ಕೋಶ, ‘ಇಲ್ಲಿ ನಿಜವಾಗಿಯೂ ಅಪಾಯವಿದೆ’ ಎಂದು ತನ್ನ ಮೈಮೇಲಿನ ಇನ್ನೊಂದು ಗುರುತಿನಿಂದ ದೃಢಪಡಿಸಬೇಕು, ಇದು ಎರಡನೆಯದು. ಎರಡನೆಯ ಗುರುತು ದೊರೆಯದೆ ಮೊದಲನೆಯದು ಮಾತ್ರ ಬಂದರೆ ಟಿ ಕೋಶವು ಮಂಕಾಗಿ ಕುಳಿತುಬಿಡುತ್ತದೆ. ಮೂರನೆಯದು ಒಂದು ಮಾತು: ‘ಏನು ಮಾಡಬೇಕು, ಎಷ್ಟು ಮಾಡಬೇಕು’ ಎಂದು ತಿಳಿಸುವ ಸಂದೇಶ. ಈ ಮೂರನೆಯ ಅಪ್ಪಣೆಯನ್ನು ಹೊತ್ತು ಬರುವ ಸಣ್ಣ ಪ್ರೋಟೀನುಗಳಿಗೇ ಸೈಟೊಕೈನ್‌ಗಳೆಂದು ಹೆಸರು.

ಜೀವಕೋಶಗಳಿಗೆ ಬಾಯಿಯಿಲ್ಲ, ಕಿವಿಯಿಲ್ಲ. ಒಂದು ಕೋಶ ಹೊರಚೆಲ್ಲಿದ ಪ್ರೋಟೀನು ಇನ್ನೊಂದು ಕೋಶದ ಮೈಮೇಲಿನ ಗ್ರಾಹಿಗೆ ತಗುಲಿದಾಗ ಅದೇ ಅವುಗಳ ಸಂಭಾಷಣೆ. ಬಹುಪಾಲು ಸೈಟೊಕೈನ್‌ಗಳು ಅಕ್ಕಪಕ್ಕದ ಕೋಶಗಳಿಗೆ ಮಾತ್ರ ಕೇಳುವ ಮೆಲುದನಿಯವು. ಹೆಚ್ಚು ಹೊತ್ತು ಉಳಿಯುವವಲ್ಲ. ಆ ಮಾತಿಗೆ ತಕ್ಕ ಗ್ರಾಹಿ ಇಲ್ಲದ ಕೋಶಕ್ಕೆ ಅದು ಕೇಳಿಸುವುದೇ ಇಲ್ಲ. ಇವುಗಳಲ್ಲಿ ಮೊದಲು ಬೆಳಕಿಗೆ ಬಂದವುಗಳಲ್ಲಿ ಒಂದು ಇಂಟರ್‌ಫೆರಾನ್. ೧೯೫೭ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡನ್‌ಮನ್ ಎಂಬ ಇಬ್ಬರು, ವೈರಾಣು ಸೋಕಿದ ಕೋಶಗಳು ತಮ್ಮ ನೆರೆಹೊರೆಯನ್ನು ಎಚ್ಚರಿಸುವ ದ್ರವ್ಯವೊಂದನ್ನು ಹೊರಬಿಡುತ್ತವೆಂದು ಕಂಡುಹಿಡಿದರು. ೧೯೭೪ರಲ್ಲಿ ಅಮೆರಿಕೆಯ ಸ್ಟ್ಯಾನ್ಲಿ ಕೊಹೆನ್ ಎಂಬವರು ಗ್ರೀಕ್ ಭಾಷೆಯ ‘ಕೋಶ’ ಮತ್ತು ‘ಚಲನೆ’ ಎಂಬರ್ಥದ ಪದಗಳನ್ನು ಕೂಡಿಸಿ ಸೈಟೊಕೈನ್ ಎಂಬ ಹೆಸರನ್ನು ಬಳಕೆಗೆ ತಂದರು. ೧೯೭೬ರಲ್ಲಿ ಟಿ ಕೋಶಗಳನ್ನು ಬೆಳೆಸುವ ದ್ರವ್ಯವೊಂದು ಪತ್ತೆಯಾಯಿತು. ಬಿಳಿಯ ಕಣಗಳ ನಡುವಿನ ಮಾತು ಎಂಬ ಅರ್ಥದಲ್ಲಿ ಇಂಟರ್‌ಲ್ಯೂಕಿನ್ ಎಂಬ ಹೆಸರು ೧೯೭೯ರಲ್ಲಿ ರೂಢಿಗೆ ಬಂದಾಗ ಇದಕ್ಕೆ ಇಂಟರ್‌ಲ್ಯೂಕಿನ್-೨ ಎಂಬ ನಾಮಕರಣವಾಯಿತು.

ಮಾತಿನ ಅರ್ಥವು ಸಂದರ್ಭವನ್ನು ಅವಲಂಬಿಸುತ್ತದೆ ಎಂಬುದಕ್ಕೆ ಶಾಸ್ತ್ರಪಾಠದಲ್ಲಿ ‘ಸೈಂಧವ’ ಶಬ್ದದ ಉದಾಹರಣೆ ಪ್ರಸಿದ್ಧವಾದುದು. ಸೈಂಧವವೆಂದರೆ ಉಪ್ಪೂ ಹೌದು, ಕುದುರೆಯೂ ಹೌದು. ಊಟಕ್ಕೆ ಕುಳಿತ ಒಡೆಯ ‘ಸೈಂಧವ ತಾ’ ಎಂದರೆ ಉಪ್ಪು ತರಬೇಕು. ಪಯಣಕ್ಕೆ ಹೊರಟು ನಿಂತು ಅದೇ ಮಾತನ್ನು ಆಡಿದರೆ ಕುದುರೆ ತರಬೇಕು. ಸೈಟೊಕೈನ್‌ಗಳೂ ಹೀಗೆಯೇ. ಒಂದೇ ಸೈಟೊಕೈನ್ ಒಂದು ಕೋಶಕ್ಕೆ ‘ಬೆಳೆ’ ಎಂದೂ, ಇನ್ನೊಂದಕ್ಕೆ ‘ತಡೆ’ ಎಂದೂ ಕೇಳಿಸಬಹುದು. ಇದನ್ನು ಅರಿಯದೆ, ಇದು ಒಳ್ಳೆಯ ಸೈಟೊಕೈನ್, ಇದು ಕೆಟ್ಟದ್ದು ಎಂದು ವಿಂಗಡಿಸಲಾಗದು.

ಸಹಾಯಕ ಟಿ ಕೋಶವು ಯಾವ ದಾರಿ ಹಿಡಿಯಬೇಕೆಂಬುದನ್ನು ಅದರ ಕಿವಿಗೆ ಬಿದ್ದ ಮೊದಲ ಮಾತು ನಿರ್ಧರಿಸುತ್ತದೆ. ಇಂಟರ್‌ಲ್ಯೂಕಿನ್-೧೨ ಕೇಳಿಸಿದರೆ ಅದು ಗ್ಯಾಮಾ ಇಂಟರ್‌ಫೆರಾನನ್ನು ಹೊರಬಿಡುವ ಕೋಶವಾಗಿ, ಜೀವಕೋಶಗಳ ಒಳಗೆ ಅಡಗಿದ ರೋಗಾಣುಗಳ ವಿರುದ್ಧ ನಿಲ್ಲುತ್ತದೆ. ಇಂಟರ್‌ಲ್ಯೂಕಿನ್-೪ ಕೇಳಿಸಿದರೆ ಹೊಟ್ಟೆಯ ಜಂತುಹುಳುಗಳಂಥವನ್ನು ಎದುರಿಸುವ ಬಗೆಯದಾಗುತ್ತದೆ. ಈ ದಾರಿ ಹದ ಮೀರಿದಾಗ ಅಲರ್ಜಿ, ಉಬ್ಬಸಗಳು ತಲೆದೋರುತ್ತವೆ. ಸಹಾಯಕ ಕೋಶಗಳ ಈ ಎರಡು ಬಗೆಗಳನ್ನು ೧೯೮೬ರಲ್ಲಿ ಮಾಸ್ಮನ್, ಕಾಫ್‌ಮನ್ ಮೊದಲಾದವರು ವಿಂಗಡಿಸಿದರು. ೨೦೦೫ರಲ್ಲಿ ಮೂರನೆಯ ಬಗೆ ಸ್ಪಷ್ಟವಾಯಿತು: ಇಂಟರ್‌ಲ್ಯೂಕಿನ್-೧೭ ಎಂಬುದನ್ನು ಹೊರಬಿಡುವ, ಚರ್ಮ ಮತ್ತು ಕರುಳಿನ ಪೊರೆಗಳಲ್ಲಿ ಶಿಲೀಂಧ್ರಗಳನ್ನು ತಡೆಯುವ ಕೋಶಗಳಿವು. ಇದರಲ್ಲೊಂದು ಸೋಜಿಗವುಂಟು. ಟಿಜಿಎಫ್-ಬೀಟಾ ಎಂಬ ಸೈಟೊಕೈನ್ ಒಂದೇ ಬಂದರೆ ಟಿ ಕೋಶ ಶಾಂತಿಪಾಲಕನಾಗುವ ಕಡೆಗೆ ಒಲಿಯುತ್ತದೆ. ಅದರ ಜೊತೆಗೆ ಇಂಟರ್‌ಲ್ಯೂಕಿನ್-೬ ಕೂಡಿಬಂದರೆ ಅದೇ ಕೋಶ ಹೋರಾಟಗಾರನಾಗುತ್ತದೆ. ಒಂದು ವಾಕ್ಯಕ್ಕೆ ಇನ್ನೊಂದು ಪದ ಸೇರಿದಾಗ ಅರ್ಥವೇ ಬದಲಾಗುವಂತೆ!

ಇನ್ನು ಹದದ ಮಾತಿಗೆ ಬರೋಣ. ಇಂಟರ್‌ಲ್ಯೂಕಿನ್-೨ ಟಿ ಕೋಶಗಳನ್ನು ಬೆಳೆಸುತ್ತದೆಂದು ಆಗಲೇ ಹೇಳಿದೆನಷ್ಟೆ. ಹಾಗಾದರೆ ಅದಿಲ್ಲದ ಪ್ರಾಣಿಗೆ ರೋಗನಿರೋಧಕ ಬಲ ಕುಗ್ಗಬೇಕೆಂದು ಯಾರಾದರೂ ಊಹಿಸುವರು. ೧೯೯೦ರ ದಶಕದ ಆರಂಭದಲ್ಲಿ ಆ ಸೈಟೊಕೈನ್ ಇಲ್ಲದ ಇಲಿಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ ನೋಡಿದಾಗ ಕಂಡುದು ಬೇರೆ. ಅವುಗಳ ರೋಗನಿರೋಧಕ ಸೈನ್ಯವೇ ಕೆರಳಿ, ಅವುಗಳ ಕರುಳಿನಲ್ಲಿ ಹುಣ್ಣುಗಳೆದ್ದವು. ಬೆಳೆಸುವ ಮಾತೇ ತಡೆಯುವ ಮಾತೂ ಆಗಿತ್ತು! ಇದರ ಗುಟ್ಟು ಜಪಾನಿನ ಶಿಮೊನ್ ಸಕಗುಚಿ ಅವರ ಸಂಶೋಧನೆಯ ಬೆಳಕಿನಲ್ಲಿ ತಿಳಿಯಿತು. ಟಿ ಕೋಶಗಳಲ್ಲಿಯೇ ಇತರ ಟಿ ಕೋಶಗಳನ್ನು ಸುಮ್ಮನಿರಿಸುವ ಒಂದು ಗುಂಪು ಇದೆಯೆಂದು ಅವರು ೧೯೯೫ರಲ್ಲಿ ತೋರಿಸಿದರು. ಇವೇ ನಿಯಂತ್ರಕ ಟಿ ಕೋಶಗಳು. ಇವುಗಳ ಮೈಮೇಲೆ ಇಂಟರ್‌ಲ್ಯೂಕಿನ್-೨ನ್ನು ಹಿಡಿಯುವ ಗ್ರಾಹಿಗಳು ವಿಪುಲವಾಗಿವೆ. ಆ ಸೈಟೊಕೈನ್ ಇಲ್ಲದಿದ್ದರೆ ಇವು ಬದುಕಲಾರವು. ಹೋರಾಡುವ ಕೋಶ ಹೊರಬಿಟ್ಟ ಮಾತೇ ಕಾಯುವ ಕೋಶವನ್ನು ಪೋಷಿಸುತ್ತದೆ. ಅಮೆರಿಕೆಯ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರು ೨೦೦೧ರಲ್ಲಿ ಫಾಕ್ಸ್‌ಪಿ-೩ ಎಂಬ ವಂಶವಾಹಿಯನ್ನು ಗುರುತಿಸಿದರು. ಅದು ಕೆಟ್ಟರೆ ಗಂಡುಮಕ್ಕಳಲ್ಲಿ ಶೈಶವದಲ್ಲಿಯೇ ದೇಹ ತನ್ನನ್ನು ತಾನೇ ಸುಡುವ ಘೋರ ವ್ಯಾಧಿ ಬರುತ್ತದೆ. ನಿಯಂತ್ರಕ ಕೋಶಗಳನ್ನು ರೂಪಿಸುವುದೇ ಈ ವಂಶವಾಹಿಯ ಕೆಲಸವೆಂದು ಮುಂದೆ ತಿಳಿದುಬಂದಿತು. ಈ ಮೂವರಿಗೂ ೨೦೨೫ರ ವೈದ್ಯಕೀಯ ನೊಬೆಲ್ ಪುರಸ್ಕಾರ ಸಂದಿತು. ಹೋರಾಟದ ಶಕ್ತಿಗಾಗಿ ಅಲ್ಲ, ತಡೆಯುವ ಶಕ್ತಿಯನ್ನು ತೋರಿಸಿಕೊಟ್ಟುದಕ್ಕಾಗಿ ದೊರೆತ ಈ ಗೌರವವು ಮನನ ಮಾಡತಕ್ಕುದಾಗಿದೆ.

ನನ್ನ ಬೆರಳುಗಳಲ್ಲಿ ಕೆಟ್ಟುದು ಈ ಹದವೇ. ಕೀಲಿನ ಪೊರೆಯಲ್ಲಿ ನೆರೆದ ಕೋಶಗಳು ಟಿಎನ್ಎಫ್ ಎಂಬ ಸೈಟೊಕೈನನ್ನು ಎಡೆಬಿಡದೆ ಸುರಿಸುತ್ತವೆ. ಆ ಕೂಗಿಗೆ ಇನ್ನಷ್ಟು ಕೋಶಗಳು ಬಂದು ಸೇರುತ್ತವೆ, ಪೊರೆ ದಪ್ಪವಾಗುತ್ತದೆ, ಕ್ರಮೇಣ ಮೂಳೆಯ ಅಂಚು ಕರಗುತ್ತದೆ. ಒಂದು ಸೈಟೊಕೈನನ್ನು ತಡೆದರೆ ಬೇರೆ ಹತ್ತು ಅದರ ಕೆಲಸ ಮುಂದುವರಿಸುವುವು ಎಂದು ಹಲವರು ನಂಬಿದ್ದ ಕಾಲದಲ್ಲಿ, ಲಂಡನ್ನಿನ ಮಾರ್ಕ್ ಫೆಲ್ಡ್‌ಮನ್ ಮತ್ತು ನಮ್ಮ ಪಂಜಾಬಿನ ಲೂಧಿಯಾನದಲ್ಲಿ ಜನಿಸಿದ ರವೀಂದರ್ ಮೈನಿ ಎಂಬ ಇಬ್ಬರು ಬೇರೆಯಾಗಿ ಯೋಚಿಸಿದರು. ಟಿಎನ್ಎಫ್ ಈ ಗದ್ದಲದ ಮೂಲದನಿ, ಅದನ್ನು ತಡೆದರೆ ಉಳಿದವೂ ತಗ್ಗುವುವು ಎಂಬುದು ಅವರ ವಾದ. ೧೯೯೨ರಲ್ಲಿ ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ, ಬೇರೆ ಔಷಧಗಳಿಂದ ಗುಣ ಕಾಣದ ೨೦ ರೋಗಿಗಳಿಗೆ ಆ ಸೈಟೊಕೈನನ್ನು ಹಿಡಿದಿಡುವ ಔಷಧವನ್ನು ಕೊಟ್ಟರು. ಅವರ ನೋವು, ಬಾವುಗಳು ಕೆಲವೇ ವಾರಗಳಲ್ಲಿ ಇಳಿದವು. ಆ ಬಗೆಯ ಔಷಧಗಳು ಮುಂದೆ ಲೋಕವ್ಯಾಪಿಯಾದವು. ಭಾರತದಲ್ಲಿಯೇ ತಯಾರಾದ ಅದಲಿಮ್ಯುಮ್ಯಾಬ್ ೨೦೧೪ರ ಕೊನೆಯಲ್ಲಿ ಇಲ್ಲಿಯ ಮಾರುಕಟ್ಟೆಗೆ ಬಂದಿತು.

ಮಾತ್ರೆಗಳಿಂದ ಒಂದೂವರೆ ವರ್ಷದಲ್ಲಿ ನನಗೆ ಅರ್ಧದಷ್ಟು ಮಾತ್ರ ಗುಣ ಕಂಡಿತ್ತು. ಎಕ್ಸರೇಯಲ್ಲಿ ಎರಡು ಬೆರಳುಗಳ ಮೂಳೆ ಸವೆಯತೊಡಗಿದ್ದುದು ಕಾಣಿಸಿತು. ಎರಡು ವಾರಕ್ಕೊಮ್ಮೆ ಚರ್ಮದಡಿಗೆ ಚುಚ್ಚುವ ಈ ಔಷಧದ ಮಾತನ್ನು ವೈದ್ಯೆ ಆಗ ಎತ್ತಿದರು. ಎತ್ತಿದವರು ಒಡನೆಯೇ ಒಂದು ಪ್ರಶ್ನೆ ಕೇಳಿದರು: “ಗುರುಗಳ, ನಿಮ್ಮ ಮನ್ಯಾಗ ಯಾರಿಗಾದರೂ ಟಿಬಿ ಆಗಿತ್ತೇನ್ರಿ?”

ಈ ಪ್ರಶ್ನೆಗೆ ನಮ್ಮ ಕಡೆಯ ಮನೆಗಳಲ್ಲಿ ಉತ್ತರ ಸಿದ್ಧವಾಗಿಯೇ ಇರುತ್ತದೆ: ‘ಇಲ್ಲ.’ ಕ್ಷಯವಿದ್ದ ಮನೆಯೆಂದು ಹೆಸರು ಬಿದ್ದರೆ ಹೆಣ್ಣು ಕೊಡುವವರು ಹಿಂಜರಿದಾರು, ತರುವವರು ಹಿಂಜರಿದಾರು ಎಂಬ ಅಂಜಿಕೆ ಹಿಂದಿನಿಂದಲೂ ಬಂದುದು. ನನ್ನ ದೊಡ್ಡವ್ವನಿಗೆ ಆ ರೋಗ ಬಂದಿತ್ತು. ಆಗ ನನಗೆ ಎಂಟು ವರ್ಷ. ಹಿತ್ತಲ ಕೋಣೆಯಲ್ಲಿ ಅವಳ ಹಾಸಿಗೆ, ಅವಳ ತಟ್ಟೆ, ಅವಳ ತಂಬಿಗೆ ಬೇರೆ. ಆದರೂ ರಾತ್ರಿ ಕತೆ ಕೇಳಲು ನಾನು ಅವಳ ಮಗ್ಗುಲಿಗೇ ಹೋಗುತ್ತಿದ್ದೆ. ಊರವರು ಕೇಳಿದರೆ ‘ಎದೆಬ್ಯಾನಿ’ ಎಂದಷ್ಟೇ ಹೇಳಬೇಕೆಂದು ಹಿರಿಯರ ಕಟ್ಟಪ್ಪಣೆ. ಎರಡು ವರ್ಷ ನರಳಿ ಅವಳು ತೀರಿಕೊಂಡಳು. ಮುಂದೆ ನಾನು ಮಠದ ಪ್ರಸಾದನಿಲಯಕ್ಕೆ ಸೇರಿದೆ. ಅವಳ ರೋಗದ ಹೆಸರನ್ನು ನಮ್ಮ ಮನೆಯಲ್ಲಿ ಬಹಿರಂಗವಾಗಿ ಆಡಿದುದನ್ನು ನಾನು ಕೇಳಿಲ್ಲ. ಐವತ್ತೈದು ವರ್ಷಗಳ ಮೌನವನ್ನು ಮುರಿದು ಆ ಮಾತನ್ನು ವೈದ್ಯೆಗೆ ಹೇಳಿದೆ. ಪಕ್ಕದಲ್ಲಿ ಕುಳಿತಿದ್ದ ನನ್ನ ತಮ್ಮನ ಮುಖ ಕೆಂಪಗಾಯಿತು. ಹೊರಗೆ ಬಂದ ಮೇಲೆ “ಅಣ್ಣಾ, ಈಗ ಅದನ್ನ ತಗದು ಏನ್ ಮಾಡೂದೈತಿ? ಮನ್ಯಾಗ ಮೊಮ್ಮಗಳ ಮದುವಿ ಮಾತು ನಡದೈತಿ” ಎಂದು ನೊಂದು ನುಡಿದನು. ಅವನ ಸಂಕಟ ನನಗೆ ತಿಳಿಯದೆ ಇರಲಿಲ್ಲ. ಆದರೆ ಆ ಒಂದು ಮಾತು ನನ್ನ ಪ್ರಾಣಕ್ಕೆ ಸಂಬಂಧಿಸಿದುದಾಗಿತ್ತು. ಏಕೆಂಬುದನ್ನು ಈಗ ವಿವರಿಸುತ್ತೇನೆ.

ಕ್ಷಯದ ರೋಗಾಣುವನ್ನು ರಾಬರ್ಟ್ ಕಾಕ್ ೧೮೮೨ರಲ್ಲಿ ಲೋಕಕ್ಕೆ ತೋರಿಸಿದನು. ಉಸಿರಿನೊಡನೆ ಶ್ವಾಸಕೋಶಕ್ಕೆ ಇಳಿದ ಈ ಅಣುಜೀವಿಯನ್ನು ಅಲ್ಲಿಯ ಭಕ್ಷಕ ಕೋಶಗಳು ನುಂಗುತ್ತವೆ. ಅದಾದರೋ ಅವುಗಳ ಹೊಟ್ಟೆಯಲ್ಲಿಯೇ ಬದುಕಿ ಉಳಿಯುತ್ತದೆ. ಆಗ ಟಿ ಕೋಶಗಳು ಬಂದು ಗ್ಯಾಮಾ ಇಂಟರ್‌ಫೆರಾನ್ ಎಂಬ ಸೈಟೊಕೈನಿನಿಂದ ಭಕ್ಷಕ ಕೋಶಗಳನ್ನು ಹುರಿದುಂಬಿಸುತ್ತವೆ. ಟಿಎನ್ಎಫ್ ಎಂಬ ಇನ್ನೊಂದು ಸೈಟೊಕೈನಿನ ಬಲದಿಂದ ಕೋಶಗಳು ಒತ್ತಾಗಿ ನಿಂತು, ರೋಗಾಣುವಿನ ಸುತ್ತ ಕೋಟೆಯಂತಹ ಗಂಟೊಂದನ್ನು ಕಟ್ಟುತ್ತವೆ. ಬಹು ಜನರಲ್ಲಿ ಶತ್ರು ಸಾಯುವುದಿಲ್ಲ. ಕೋಟೆಯೊಳಗೆ ಸೆರೆಯಾಗಿ ಮಲಗಿರುತ್ತದೆ. ಲೋಕದ ಜನರಲ್ಲಿ ಸುಮಾರು ಕಾಲುಭಾಗದವರಿಗೆ ಇಂತಹ ಸೋಂಕು ತಗುಲಿದೆಯೆಂದು ಅಂದಾಜು. ಅವರಲ್ಲಿ ೧೦೦ಕ್ಕೆ ೫ರಿಂದ ೧೦ ಮಂದಿಗೆ ಮಾತ್ರ ಬದುಕಿನಲ್ಲಿ ಎಂದಾದರೊಮ್ಮೆ ರೋಗ ತಲೆಯೆತ್ತುತ್ತದೆ. ಉಳಿದವರು ಯಾವ ಬಾಧೆಯೂ ಇಲ್ಲದೆ, ಯಾರಿಗೂ ಹರಡದೆ ಬಾಳುತ್ತಾರೆ.

ಈಗ ಓದುಗರಿಗೆ ಗಂಡಾಂತರ ಕಂಡಿರಬೇಕು. ನನ್ನ ಬೆರಳನ್ನು ಕೆಡಿಸುತ್ತಿದ್ದ ಟಿಎನ್ಎಫ್ ಸೈಟೊಕೈನೇ ನನ್ನ ಶ್ವಾಸಕೋಶದಲ್ಲಿ ಕೋಟೆಯ ಗೋಡೆಯನ್ನೂ ಕಾಯುತ್ತಿರಬಹುದು. ಕೈಯನ್ನು ಉಳಿಸಲು ಅದನ್ನು ತಡೆದರೆ ಎದೆಯಲ್ಲಿ ಮಲಗಿದ ಶತ್ರು ಎದ್ದೀತು. ಇದು ಬರಿಯ ಊಹೆಯಲ್ಲ. ಇಂತಹ ಔಷಧಗಳಲ್ಲಿ ಮೊದಲಿನದಾದ ಇನ್‌ಫ್ಲಿಕ್ಸಿಮ್ಯಾಬ್ ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ, ಅದನ್ನು ಪಡೆದವರ ಪೈಕಿ ೭೦ ಮಂದಿಗೆ ಕ್ಷಯ ಕಾಣಿಸಿಕೊಂಡುದನ್ನು ೨೦೦೧ರಲ್ಲಿ ವೈದ್ಯರು ವರದಿ ಮಾಡಿದರು. ಬಹಳ ಮಂದಿಗೆ ಅದು ಶ್ವಾಸಕೋಶವನ್ನು ದಾಟಿ ಬೇರೆ ಅಂಗಗಳಿಗೂ ಹಬ್ಬಿತ್ತು. ಅಂದಿನಿಂದ ಈ ಔಷಧವನ್ನು ಆರಂಭಿಸುವ ಮುನ್ನ ಮಲಗಿದ ಕ್ಷಯವನ್ನು ಹುಡುಕುವುದು ಎಲ್ಲೆಡೆ ನಿಯಮವಾಯಿತು. ಲೋಕದ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ನಮ್ಮ ದೇಶದವರೇ ಆಗಿರುವಾಗ ಇಲ್ಲಿ ಈ ನಿಯಮದ ಮಹತ್ವ ಹೇಳಬೇಕಾದುದಿಲ್ಲ.

ನನ್ನ ಮುಂದೋಳಿನ ಚರ್ಮದೊಳಗೆ ಒಂದು ಹನಿ ಔಷಧ ಚುಚ್ಚಿ ಮೂರನೆಯ ದಿನ ಬರಹೇಳಿದರು. ಚುಚ್ಚಿದೆಡೆ ಗಟ್ಟಿಯಾಗಿ ಉಬ್ಬಿತ್ತು; ಅಳೆದರೆ ೧೬ ಮಿಲಿಮೀಟರ್. ೧೦ ದಾಟಿದರೆ ಸೋಂಕಿನ ಸೂಚನೆಯೆಂದು ಎಣಿಸುವರು. ಆ ಉಬ್ಬು ನಂಜಿನದಲ್ಲ, ಟಿ ಕೋಶಗಳ ನೆನಪಿನದು. ಎಂದೋ ಒಮ್ಮೆ ಕಂಡ ಶತ್ರುವಿನ ತುಣುಕನ್ನು ಮತ್ತೆ ಕಂಡ ಕೋಶಗಳು ಸೈಟೊಕೈನ್‌ಗಳಿಂದ ಒಂದನ್ನೊಂದು ಕರೆದುಕೊಂಡು ಅಲ್ಲಿ ನೆರೆಯಲು ಎರಡು ಮೂರು ದಿನ ಹಿಡಿಯುತ್ತದೆ. ಶೈಶವದಲ್ಲಿ ಹಾಕಿದ ಬಿಸಿಜಿ ಲಸಿಕೆಯಿಂದಲೂ ಉಬ್ಬು ಬರಬಹುದಾದುದರಿಂದ ರಕ್ತಪರೀಕ್ಷೆಯನ್ನೂ ಮಾಡಿಸಿದರು. ಅದರಲ್ಲಿ ನೋಡುವುದೂ ಸೈಟೊಕೈನನ್ನೇ: ಕ್ಷಯದ ಅಣುವಿನ ತುಣುಕುಗಳನ್ನು ರಕ್ತಕ್ಕೆ ಬೆರೆಸಿದಾಗ ಟಿ ಕೋಶಗಳು ಗ್ಯಾಮಾ ಇಂಟರ್‌ಫೆರಾನನ್ನು ಎಷ್ಟು ಹೊರಬಿಡುತ್ತವೆಂದು ಅಳೆಯುವರು. ಅದೂ ಹೌದೆಂದಿತು. ಎದೆಯ ಎಕ್ಸರೇ ನಿರ್ಮಲವಾಗಿತ್ತು. ರೋಗವಿಲ್ಲ, ಸೆರೆಯಲ್ಲಿ ಶತ್ರುವಿದ್ದಾನೆ ಎಂಬುದು ತಾತ್ಪರ್ಯ. ದೊಡ್ಡವ್ವ ಹೇಳಿದ ಕತೆಗಳನ್ನು ನಾನು ಹೇಗೆ ಮರೆತಿಲ್ಲವೋ, ಆ ಮಗ್ಗುಲಿನ ಉಸಿರನ್ನು ನನ್ನ ಟಿ ಕೋಶಗಳೂ ಮರೆತಿರಲಿಲ್ಲವೇನೋ ಎಂದುಕೊಂಡೆ.

ಮೊದಲು ಐಸೊನಿಯಜಿಡ್ ಎಂಬ ಮಾತ್ರೆಯನ್ನು ಆರಂಭಿಸಿದರು. ದಿನಕ್ಕೊಂದರಂತೆ ಆರು ತಿಂಗಳು. ಜೊತೆಗೆ ನರಗಳ ರಕ್ಷಣೆಗೆ ಬಿ-೬ ಜೀವಸತ್ವ. ಎರಡು ಬಗೆಯ ಮಾತ್ರೆಗಳಿಂದ ಯಕೃತ್ತಿಗೆ ಪೆಟ್ಟಾಗದಂತೆ ತಿಂಗಳಿಗೊಮ್ಮೆ ರಕ್ತ ನೋಡಿದರು. ಒಂದು ತಿಂಗಳು ಕಳೆದ ಬಳಿಕವೇ ಚುಚ್ಚುಮದ್ದು ಕೊಟ್ಟರು. ಮೂರನೆಯ ತಿಂಗಳ ಹೊತ್ತಿಗೆ ಮುಂಜಾನೆಯ ಎರಡು ತಾಸಿನ ಬಿಗಿತ ಕಾಲು ತಾಸಿಗೆ ಇಳಿಯಿತು. ಈ ಲೇಖನವನ್ನು ಯಾರಿಗೂ ಹೇಳಿ ಬರೆಯಿಸದೆ ನನ್ನ ಕೈಯಿಂದಲೇ ಬರೆದಿದ್ದೇನೆ. ಸವೆದ ಮೂಳೆ ಮರಳಿ ಬರುವುದಿಲ್ಲ. ರೋಗ ಅಳಿದಿಲ್ಲ, ಅಡಗಿದೆ. ಕೆಮ್ಮು, ಜ್ವರ, ತೂಕ ಇಳಿಯುವುದು ಕಂಡರೆ ತಡಮಾಡದೆ ತೋರಿಸಬೇಕೆಂಬ ಎಚ್ಚರಿಕೆಯಲ್ಲಿಯೇ ದಿನಗಳು ಸಾಗಿವೆ.

ಹದ ತಪ್ಪುವುದರ ಎರಡೂ ಮುಖಗಳನ್ನು ನಾವೆಲ್ಲರೂ ಮಹಾಮಾರಿಯ ಕಾಲದಲ್ಲಿ ಕಂಡೆವು. ವೈರಾಣುವಿಗಿಂತ ಸೈಟೊಕೈನ್‌ಗಳ ಬಿರುಗಾಳಿಯೇ ಶ್ವಾಸಕೋಶವನ್ನು ಮುಳುಗಿಸಿದ ರೋಗಿಗಳು ಅನೇಕರು. ೨೦೨೦ರ ಜೂನ್ ತಿಂಗಳಲ್ಲಿ ಬ್ರಿಟನ್ನಿನ ಪರೀಕ್ಷೆಯೊಂದು, ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೀರಾಯ್ಡು ಕೃತಕ ಉಸಿರಾಟದಲ್ಲಿದ್ದವರ ಸಾವನ್ನು ಮೂರರಲ್ಲೊಂದು ಪಾಲಿನಷ್ಟು ತಗ್ಗಿಸುತ್ತದೆಂದು ತೋರಿಸಿತು. ಆದರೆ ಆಮ್ಲಜನಕ ಬೇಕಿಲ್ಲದ ರೋಗಿಗಳಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ಮರುವರ್ಷ ನಮ್ಮ ದೇಶದಲ್ಲಿ ಅದೇ ಔಷಧವನ್ನು ಬೇಡದ ಹೊತ್ತಿನಲ್ಲಿ, ಬೇಡದಷ್ಟು ನುಂಗಿದವರಲ್ಲಿ, ವಿಶೇಷವಾಗಿ ಸಕ್ಕರೆ ಕಾಯಿಲೆಯವರಲ್ಲಿ, ಕಪ್ಪು ಶಿಲೀಂಧ್ರ ಹಬ್ಬಿ ಕಣ್ಣು ಕಳೆದುಕೊಂಡವರೂ ಪ್ರಾಣ ಕಳೆದುಕೊಂಡವರೂ ಉಂಟು. ಔಷಧ ಒಂದೇ, ಹೊತ್ತು ಮತ್ತು ಪ್ರಮಾಣ ಬೇರೆಯಾದಾಗ ಒಬ್ಬನಿಗೆ ಜೀವದಾನ, ಇನ್ನೊಬ್ಬನಿಗೆ ಗಂಡಾಂತರ.

ಕಡೆಯದಾಗಿ ನಮ್ಮ ಕುಟುಂಬಗಳಲ್ಲಿ ಮೂರು ಬಿನ್ನಹಗಳನ್ನು ಮಾಡಿಕೊಳ್ಳುತ್ತೇನೆ. ಕೈಬೆರಳುಗಳ ಗೆಣ್ಣು ಬಾತು, ಮುಂಜಾನೆಯ ಬಿಗಿತ ತಾಸುಗಟ್ಟಲೆ ಉಳಿದರೆ ವಯಸ್ಸಿನ ಮೇಲೆ ಹಾಕಿ ಕೂಡಬೇಡಿರಿ. ಈ ರೋಗ ಮೂವತ್ತರ ಸೊಸೆಯಂದಿರಿಗೂ ಬರುತ್ತದೆ, ಗಂಡಸರಿಗಿಂತ ಹೆಣ್ಣುಮಕ್ಕಳಿಗೇ ಹೆಚ್ಚು. ನೋವಿಗೆಂದು ಹೆಸರಿಲ್ಲದ ಪುಡಿಗಳನ್ನೂ, ಯಾರೋ ಹೇಳಿದ ಸ್ಟೀರಾಯ್ಡು ಮಾತ್ರೆಗಳನ್ನೂ ನುಂಗಬೇಡಿರಿ. ವಾರಕ್ಕೊಮ್ಮೆ ಎಂದು ಬರೆದ ಮಾತ್ರೆಯನ್ನು ಬೇಗ ಗುಣವಾಗಲೆಂದು ದಿನವೂ ನುಂಗುವುದು ಪ್ರಾಣಾಪಾಯ. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಮನೆಯಲ್ಲಿ ಕ್ಷಯವಿತ್ತೇ ಎಂದು ವೈದ್ಯರು ಕೇಳಿದಾಗ ಇದ್ದುದನ್ನು ಇದ್ದಂತೆ ಹೇಳಿರಿ. ಅದಕ್ಕೆ ಪರೀಕ್ಷೆಯೂ ಔಷಧವೂ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿಯೇ ದೊರೆಯುತ್ತವೆ; ಪೂರ್ತಿ ಅವಧಿ ತೆಗೆದುಕೊಂಡರೆ ಬಹುಮಂದಿಗೆ ಗುಣವಾಗುತ್ತದೆ. ಅದರಲ್ಲಿ ನಾಚುವಂಥದೇನಿದೆ?

ನನ್ನ ತಮ್ಮನು ಆಮೇಲೆ ತಾನಾಗಿಯೇ ಹುಬ್ಬಳ್ಳಿಗೆ ಹೋಗಿ ಎದೆಯ ಎಕ್ಸರೇ ತೆಗೆಸಿಕೊಂಡು ಬಂದನು. ಅವನಲ್ಲಿ ರೋಗವಿಲ್ಲ. ಮೊಮ್ಮಗಳ ಮದುವೆಯೂ ನಿಂತುಹೋಗಲಿಲ್ಲ. ಬೀಗರಾಗುವವರ ಮುಂದೆ ದೊಡ್ಡವ್ವನ ಮಾತು ಬಂದಾಗ ಅವನೇ ರೋಗದ ಹೆಸರು ಹಿಡಿದು ಹೇಳಿದನು. ಹುಡುಗನ ಅಜ್ಜಿ, “ನಮ್ಮ ಮಾವಗೂ ಅದ ಆಗಿತ್ತರಿ” ಎಂದು ಸಹಜವಾಗಿ ನುಡಿದು, ಅಕ್ಷತೆಯ ದಿನದ ಮಾತಿಗೆ ಮುಂದುವರಿದರು.